ಪಿಎಸ್2 ಬಯೋಸ್ ಮೂರು ಸಲ ತೆಗೆದೆ, ಮೂರರ ಹ್ಯಾಶೂ ಬೇರೆ ಬೇರೆ. ತಪ್ಪು ಎಲ್ಲಿದೆ?

ಅಟ್ಟದ ಗೇಮರ್, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮಳೆ ಶುರುವಾಗುವ ಮುಂಚೆ ಅಟ್ಟ ಕ್ಲೀನ್ ಮಾಡುವಾಗ ಅಣ್ಣನ ಹಳೇ ಪಿಎಸ್2 (ಸೋನಿ ಪ್ಲೇಸ್ಟೇಷನ್ 2 ಗೇಮ್ ಮಷೀನ್) ಸಿಕ್ಕಿತು. ಕಾಫಿ ಚೀಲಗಳ ಹಿಂದೆ, ಹಳೇ ಟವಲ್‌ನಲ್ಲಿ ಸುತ್ತಿ ಇಟ್ಟಿದ್ದ. ಸ್ಲಿಮ್ ಮಾಡೆಲ್. ಕೆಳಗಿನ ಸ್ಟಿಕ್ಕರ್ ಮೇಲೆ ಎಸ್‌ಸಿಪಿಎಚ್-70004 ಅಂತ ಇದೆ. ದುಬೈಯಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟದ್ದು. ಆನ್ ಆಗುತ್ತದೆ, ಮೆನು ಬರುತ್ತದೆ, ಡಿಸ್ಕ್ ಹಾಕಿದರೆ ಗರಗರ ಅಂತ ತಿರುಗಿ ಸುಮ್ಮನಾಗುತ್ತದೆ. ಲೆನ್ಸ್ ಹೋಗಿದೆ ಅನ್ನಿಸುತ್ತದೆ. ಹಾಗಾಗಿ ಆಟಗಳನ್ನು ಲ್ಯಾಪ್‌ಟಾಪ್‌ನಲ್ಲೇ ಆಡೋಣ ಅಂತ ಪಿಸಿಎಸ್ಎಕ್ಸ್2 (ಪಿಎಸ್2 ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಎಮ್ಯುಲೇಟರ್) ಹಾಕಿದೆ. ಅದು ಬಯೋಸ್ (ಮಷೀನ್ ಆನ್ ಆದ ಕೂಡಲೇ ಓಡುವ ಒಳಗಿನ ಪ್ರೋಗ್ರಾಂ) ಕೇಳುತ್ತದಲ್ವಾ, ನಮ್ಮದೇ ಮಷೀನಿಂದ ತೆಗೆಯೋಣ ಅಂದುಕೊಂಡೆ.

ಹೊರಗಿನ ಪ್ರೋಗ್ರಾಂ ಓಡಿಸಲು ಬಿಡುವ ಫ್ರೀ ಮೆಕ್‌ಬೂಟ್ ಹಾಕಿದ ಮೆಮೊರಿ ಕಾರ್ಡ್ ತರಿಸಿದೆ. ಪೆನ್‌ಡ್ರೈವ್‌ನಲ್ಲಿ ಬಯೋಸ್‌ಡ್ರೈನ್ (ಬಯೋಸನ್ನು ಫೈಲಾಗಿ ತೆಗೆಯುವ ಪ್ರೋಗ್ರಾಂ) ಹಾಕಿ ಓಡಿಸಿದೆ. ಮುಗಿಯಿತು ಅಂತ ತೋರಿಸಿತು. ಫೈಲ್ ಸೈಜ್ 4,194,304 ಬೈಟ್, ಸರಿಯಾಗಿ 4 ಎಂಬಿ. ಎಮ್ಯುಲೇಟರ್‌ನ ಪಟ್ಟಿಯಲ್ಲೂ ಬಂತು, "ಯುರೋಪ್, 2.00, 14/06/2004" ಅಂತ ಹೆಸರು ಸಮೇತ. ಆದರೆ ಸ್ಟಾರ್ಟ್ ಮಾಡಿದರೆ ಬರೀ ಕಪ್ಪು ಪರದೆ.

ಎಂಡಿ5 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ನೋಡಿದೆ, ಸರಿಯಾದ ಬಯೋಸ್‌ಗಳ ಯಾವ ಪಟ್ಟಿಗೂ ಹೊಂದಲಿಲ್ಲ. ಇನ್ನೆರಡು ಸಲ ಡಂಪ್ ಮಾಡಿದೆ, ಅಂದರೆ ಫೈಲಾಗಿ ತೆಗೆದೆ. ಸೈಜ್ ಮೂರರದ್ದೂ ಒಂದೇ, ಎಂಡಿ5 ಮಾತ್ರ ಮೂರೂ ಬೇರೆ. ಮಷೀನಿನ ಬಯೋಸ್ ಚಿಪ್ಪೇ ಸತ್ತುಹೋಗಿದೆಯಾ?

ಸುಮ್ನೆ ನೋಡ್ತೀನಿ

ಇಷ್ಟೆಲ್ಲ ಯಾಕೆ ಗುರು. ನೆಟ್‌ನಲ್ಲಿ ಸಿಗುತ್ತದೆ, ಎರಡು ನಿಮಿಷದ ಕೆಲಸ.

ರಿಪೇರಿ ಟೇಬಲ್, ಹಾಸನ

ಡೌನ್‌ಲೋಡ್ ಲಿಂಕ್ ವಿಷಯ ಇಲ್ಲಿ ಬೇಡ, ಪ್ರತಿ ಸಲ ಅದೇ ಜಗಳ.

ಮೂಡಿಗೆರೆಯವರೇ, ಚಿಪ್ ಸತ್ತಿದ್ದರೆ ನಿಮ್ಮ ಮಷೀನ್‌ನಲ್ಲಿ ಮೆನು ಬರುತ್ತಲೇ ಇರಲಿಲ್ಲ. ಆ ಮೆನು ಇರುವುದೇ ಆ ಬಯೋಸ್ ಚಿಪ್‌ನಲ್ಲಿ. ಲೆನ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ, ಆ ಚಿಂತೆ ಬಿಡಿ. ನನ್ನ ಅನುಮಾನ ಎರಡು. ಒಂದು, ನಿಮ್ಮ ಕಡೆ ಕರೆಂಟ್. ಡಂಪ್ ಬರೆಯುವಾಗ ವೋಲ್ಟೇಜ್ ಬಿದ್ದಿತ್ತಾ? ಇನ್ನೊಂದು, ಮಾಡ್‌ಚಿಪ್. ಅಂದರೆ ನಕಲಿ ಡಿಸ್ಕ್ ಓಡಲಿ ಅಂತ ಮಷೀನ್ ಒಳಗೆ ಬೆಸುಗೆ ಹಾಕುವ ಚಿಪ್. ಆಗಿನ ಕಾಲದಲ್ಲಿ ನಮ್ಮ ಕಡೆ ಚಿಪ್ ಹಾಕಿಸದ ಪಿಎಸ್2 ನೋಡಿದ್ದೇ ಕಮ್ಮಿ. ಚಿಪ್ ಇದ್ದರೆ ಅದನ್ನು ಆಫ್ ಮಾಡಿ ಒಂದು ಸಲ ತೆಗೆದು ನೋಡಿ, ಒಂದು ಸಂಶಯ ಕಮ್ಮಿಯಾಗುತ್ತದೆ.

ಅಟ್ಟದ ಗೇಮರ್, ಮೂಡಿಗೆರೆ

ಕರೆಂಟ್ ಹೋಗಿರಲಿಲ್ಲ ಸರ್, ಅವತ್ತು ನಮ್ಮ ಪುಣ್ಯ. ಬಿಚ್ಚಿ ನೋಡಿದೆ, ಒಳಗೆ ಯಾವ ವೈರೂ ಬೆಸುಗೆ ಹಾಕಿಲ್ಲ. ಒಂದು ಒಣಗಿದ ಜಿರಳೆ ಇತ್ತು.

ಹೆಕ್ಸ್ ಹಾಸನ

ತಡವಾಗಿ ಬಂದೆ. ಈ ಪ್ರಶ್ನೆಯಲ್ಲಿ ಉತ್ತರ ಅರ್ಧ ಅಲ್ಲೇ ಇದೆ, ನೀವು ಮೂರು ಸಲ ತೆಗೆದಿದ್ದೇ ಒಳ್ಳೆಯ ಕೆಲಸ. ಸುಮಾರು ಜನ ಒಂದು ಸಲ ತೆಗೆದು, ಹ್ಯಾಶ್ ಹೊಂದಲಿಲ್ಲ ಅಂದ ಕೂಡಲೇ ಇಲ್ಲಿ ಬಂದು "ನನ್ನದು ಯಾರಿಗೂ ಸಿಗದ ಅಪರೂಪದ ಬಯೋಸ್" ಅಂತ ಕೂಗುತ್ತಾರೆ.

ನೋಡಿ, ಬಯೋಸ್ ಇರುವುದು ರಾಮ್ (ಆರ್‌ಒಎಂ) ಚಿಪ್ಪಿನಲ್ಲಿ. ರಾಮ್ ಅಂದರೆ ಓದುವುದಕ್ಕೆ ಮಾತ್ರ ಇರುವ ಚಿಪ್. ಬೆಳಗ್ಗೆ ಓದಿದರೂ ರಾತ್ರಿ ಓದಿದರೂ ಅದೇ ಬರಬೇಕು. ಮೂರು ಸಲ ಒಂದೇ ಫೈಲ್ ಬಂದು, ಅದು ಊರಿನವರ ಹ್ಯಾಶ್‌ಗೆ ಹೊಂದದಿದ್ದರೆ ಆಗ ಮಷೀನ್, ಮಾಡ್‌ಚಿಪ್, ಡಂಪ್ ಮಾಡುವ ಪ್ರೋಗ್ರಾಂ ಮೇಲೆ ಅನುಮಾನ ಪಡಬಹುದು. ಮೂರು ಸಲ ಮೂರು ಥರ ಬಂದರೆ ತಪ್ಪು ದಾರಿಯಲ್ಲಿದೆ. ಅಂದರೆ ಚಿಪ್ಪಿಂದ ಹೊರಟು ನಿಮ್ಮ ಲ್ಯಾಪ್‌ಟಾಪ್ ತಲುಪುವ ನಡುವೆ ಎಲ್ಲೋ. ಯುಎಸ್‌ಬಿ ಪೋರ್ಟ್, ಪೆನ್‌ಡ್ರೈವ್, ಕಾಪಿ ಮಾಡಿದ ರೀತಿ. ಹಾಗಾಗಿ ಮೊದಲು ನಿಮ್ಮ ಫೈಲ್ ನಿಮ್ಮ ಫೈಲಿಗೇ ಹೊಂದುತ್ತದಾ ನೋಡಿ, ಊರವರ ಜೊತೆ ಹೋಲಿಸುವುದು ಆಮೇಲೆ.

ಇನ್ನೊಂದು, ಪಟ್ಟಿಯಲ್ಲಿ ಹೆಸರು ಬಂತು ಅಂತ ನಂಬಬೇಡಿ. ಪಿಸಿಎಸ್ಎಕ್ಸ್2 ಅಲ್ಲಿ ಹ್ಯಾಶ್ ನೋಡುವುದಿಲ್ಲ. ಫೈಲ್ ಸೈಜ್ ಸರಿ ಇದೆಯಾ, ಒಳಗೆ ರಾಮ್‌ಡಿರ್ ಅಂತ ಒಂದು ಪರಿವಿಡಿ ಇದೆಯಾ, ಅದರ ಸಹಾಯದಿಂದ ರಾಮ್‌ವರ್ ಅನ್ನುವ ಸಣ್ಣ ಸಾಲು ಸಿಗುತ್ತದಾ, ಅಷ್ಟೇ. ನಿಮ್ಮದರಲ್ಲಿ ಆ ಸಾಲು 0200 ಅಂತ ಶುರುವಾಗಿ 20040614 ಅಂತ ಮುಗಿಯುತ್ತದೆ, ನಡುವೆ ಯುರೋಪಿನ ಗುರುತು. ಅದರಿಂದಲೇ ಆ ತಾರೀಖು ಬಂದದ್ದು. ಪುಸ್ತಕದ ಪರಿವಿಡಿ ಸರಿ ಇದ್ದು ಕೊನೆಯ ನೂರು ಪುಟ ಖಾಲಿ ಇದ್ದರೂ ಪಟ್ಟಿಯಲ್ಲಿ ಆ ಪುಸ್ತಕದ ಹೆಸರು ಬರುತ್ತದೆ.

ಈಗ ಹೆಕ್ಸ್ ಎಡಿಟರ್ (ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಪ್ರೋಗ್ರಾಂ) ಹಾಕಿಕೊಳ್ಳಿ. ಹೆಚ್ಎಕ್ಸ್‌ಡಿ ಸಾಕು, ಉಚಿತ. ಮೊದಲ ಡಂಪ್, ಎರಡನೇ ಡಂಪ್ ಎರಡನ್ನೂ ತೆರೆದು ಕಂಪೇರ್ ಕೊಡಿ. ಮೊದಲ ವ್ಯತ್ಯಾಸ ಎಷ್ಟನೇ ವಿಳಾಸದಲ್ಲಿ ಬರುತ್ತದೆ, ಅಲ್ಲಿ ಏನು ಕಾಣುತ್ತದೆ, ಬರೆದು ಹಾಕಿ. ಫೈಲ್ ಮಾತ್ರ ಇಲ್ಲಿ ಹಾಕಬೇಡಿ. ಹಾಗೇ ಪೆನ್‌ಡ್ರೈವ್ ಯಾವುದು, ಎಲ್ಲಿ ತಗೊಂಡಿರಿ, ಅದರಲ್ಲಿ ಬೇರೆ ಏನಿದೆ ಹೇಳಿ.

ಮಲ್ನಾಡ್ ಮಳೆ, ಚಿಕ್ಕಮಗಳೂರು

ಇದೇ ಥ್ರೆಡ್‌ನಲ್ಲಿ ಕೇಳಬಹುದಾ? ನನ್ನದು ನಿಂಟೆಂಡೊ ಡಿಎಸ್ ಲೈಟ್. ಮೂರು ಫೈಲ್ ತೆಗೆದೆ. ಎಆರ್‌ಎಂ7 ಬಯೋಸ್ 16,384 ಬೈಟ್, ಎಆರ್‌ಎಂ9 ಬಯೋಸ್ 4,096 ಬೈಟ್, ಫರ್ಮ್‌ವೇರ್ 262,144 ಬೈಟ್. ಮೊದಲ ಎರಡರ ಹ್ಯಾಶ್ ಸರಿ ಹೊಂದಿತು. ಫರ್ಮ್‌ವೇರ್ ಮಾತ್ರ ಯಾವ ಪಟ್ಟಿಗೂ ಹೊಂದುತ್ತಿಲ್ಲ. ನಾಲ್ಕು ಸಲ ತೆಗೆದೆ, ನಾಲ್ಕೂ ಸಲ ಒಂದೇ ಹ್ಯಾಶ್. ಮೇಲೆ ಹೇಳಿದ ಹಾಗೆ ನೋಡಿದರೆ ಮಷೀನೇ ಸರಿ ಇಲ್ಲ ಅಂತಾನಾ? ಬೇಕಿದ್ದರೆ ಫರ್ಮ್‌ವೇರ್ ಫೈಲ್ ಅಪ್‌ಲೋಡ್ ಮಾಡುತ್ತೇನೆ, ಯಾರಾದರೂ ಚೆಕ್ ಮಾಡಿ.

ಹೆಕ್ಸ್ ಹಾಸನ

ಅಯ್ಯೋ ಬೇಡ ಅಕ್ಕ, ಅಪ್‌ಲೋಡ್ ಮಾಡಬೇಡಿ!

ಡಿಎಸ್‌ನ ಬಯೋಸ್ ಎಲ್ಲರದ್ದೂ ಒಂದೇ, ಹೊಂದಲೇಬೇಕು. ಫರ್ಮ್‌ವೇರ್ ಹಾಗಲ್ಲ. ಅದು ತಿದ್ದಿ ಬರೆಯಬಹುದಾದ ಫ್ಲ್ಯಾಶ್ ಚಿಪ್. ಅದರಲ್ಲಿ ನಿಮ್ಮ ಮಷೀನಿನ ಮ್ಯಾಕ್ ಅಡ್ರೆಸ್ ಇದೆ, ಟಚ್ ಸ್ಕ್ರೀನ್ ಅಳತೆ ಇದೆ, ನೀವು ಹಾಕಿದ ಅಡ್ಡಹೆಸರು, ಹುಟ್ಟಿದ ದಿನ, ಇಷ್ಟದ ಬಣ್ಣ, ಎಲ್ಲ ಇದೆ. ವೈಫೈ ಸೆಟ್ ಮಾಡಿದ್ದರೆ ಅದರ ಹೆಸರು ಮತ್ತು ಪಾಸ್‌ವರ್ಡ್ ಕೂಡ ಅಲ್ಲೇ. ಬಣ್ಣ ಹಸಿರಿಂದ ನೀಲಿಗೆ ಬದಲಾಯಿಸಿದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಹೊಂದದೇ ಇರುವುದೇ ಸರಿ. ಯಾರದೋ ಪಟ್ಟಿಗೆ ಪಕ್ಕಾ ಹೊಂದಿದರೆ ಅದು ನಿಮ್ಮ ಫೈಲೇ ಅಲ್ಲ ಅಂತ ಅರ್ಥ.

ನಾಲ್ಕು ಸಲ ಒಂದೇ ಬಂತಲ್ಲ, ನಿಮ್ಮ ಡಂಪ್ ಚೆನ್ನಾಗಿದೆ. ಸಮಾಧಾನಕ್ಕೆ ಬೇಕಿದ್ದರೆ ಡಿಎಸ್ ಎಮ್ಯುಲೇಟರ್ ಮೆಲಾನ್‌ಡಿಎಸ್‌ನಲ್ಲಿ ಹಾಕಿ, ಆಟ ಹಾಕದೆ ಬರೀ ಫರ್ಮ್‌ವೇರ್ ಬೂಟ್ ಮಾಡಿ. ಮೆನು ಬಂದು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಕಂಡರೆ ಮುಗಿಯಿತು.

ಮಲ್ನಾಡ್ ಮಳೆ, ಚಿಕ್ಕಮಗಳೂರು

ಬಂತು! ಹೆಸರಿನ ಜಾಗದಲ್ಲಿ "ಪುಟ್ಟಿ" ಅಂತ ಇದೆ. ಆರನೇ ಕ್ಲಾಸ್‌ನಲ್ಲಿ ನಾನೇ ಹಾಕಿದ್ದು, ಇಂಗ್ಲಿಷ್ ಸ್ಪೆಲ್ಲಿಂಗ್ ಕೂಡ ತಪ್ಪು. ಅದನ್ನು ಇಲ್ಲಿ ಅಪ್‌ಲೋಡ್ ಮಾಡುತ್ತಿದ್ದೆ ಅಂತ ನೆನೆಸಿಕೊಂಡರೆ ನಗು ಬರುತ್ತದೆ.

ಒಂದು ಸಂಶಯ. ನನ್ನ ಫ್ರೆಂಡ್ ಅವಳ 3ಡಿಎಸ್‌ನಿಂದ ಇದೇ ಥರ ತೆಗೆದಳು, ಅವಳ ಫರ್ಮ್‌ವೇರ್ 131,072 ಬೈಟ್ ಮಾತ್ರ. ಅರ್ಧ ಬಂದಿದೆಯಾ?

ಹೆಕ್ಸ್ ಹಾಸನ

ಇಲ್ಲ, ಅದು ಅಷ್ಟೇ ಇರುವುದು. ಡಿಎಸ್‌ಐ, 3ಡಿಎಸ್‌ಗಳಲ್ಲಿ ಹಳೆಯ ಡಿಎಸ್ ಮೆನು ಆ ಜಾಗದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಆ ಫೈಲಿಂದ ಮೆನು ಬೂಟ್ ಆಗುವುದಿಲ್ಲ, ಆಟವನ್ನು ನೇರವಾಗಿ ಓಡಿಸಬಹುದು. ಇದಕ್ಕೆ "ಫೈಲ್ ಕೆಟ್ಟಿದೆ" ಅಂತ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರೆ.

ಕ್ಯಾಸೆಟ್ ಊದುವವ

ನಮ್ಮ ಹಳೇ ಟಿವಿ ವಿಡಿಯೋ ಗೇಮ್ ಇದೆಯಲ್ಲ, ಹಳದಿ ಕ್ಯಾಸೆಟ್, 9999 ಆಟ ಅಂತ ಬರೆದು ಏಳು ಆಟ ಇರುತ್ತಿತ್ತಲ್ಲ, ಅದರ ಬಯೋಸ್ ತೆಗೆಯುವುದು ಹೇಗೆ? ಹಾಸನಾಂಬ ಜಾತ್ರೆಯಲ್ಲಿ ಹಠ ಮಾಡಿ ಕೊಡಿಸಿಕೊಂಡದ್ದು, ಇನ್ನೂ ಇದೆ.

ರಿಪೇರಿ ಟೇಬಲ್, ಹಾಸನ

ಹ್ಹಹ್ಹ. ಅದಕ್ಕೆ ಬಯೋಸೇ ಇಲ್ಲ ಮಾರಾಯ. ಅದು ಫ್ಯಾಮಿಕಾಂ ನಕಲು. ಸ್ವಿಚ್ ಹಾಕಿದ ಕೂಡಲೇ ಪ್ರೊಸೆಸರ್ ನೇರವಾಗಿ ಕ್ಯಾಸೆಟ್ ಒಳಗಿನದ್ದನ್ನೇ ಓದಲು ಶುರು ಮಾಡುತ್ತದೆ. ಕ್ಯಾಸೆಟ್ ಸರಿ ಕೂತಿಲ್ಲ ಅಂದರೆ ಪರದೆ ಮೇಲೆ ಗೀಚಿದ ಹಾಗೆ ಬರುತ್ತಿತ್ತಲ್ಲ, ಅದಕ್ಕೇ. ಜಪಾನಿನಲ್ಲಿ ಫ್ಯಾಮಿಕಾಂಗೆ ಒಂದು ಫ್ಲಾಪಿ ಡ್ರೈವ್ ಬಂದಿತ್ತು, ಅದಕ್ಕೆ ಮಾತ್ರ 8 ಕೆಬಿ ಬಯೋಸ್ ಇದೆ.

ಮತ್ತೆ ದಯವಿಟ್ಟು ಊದಬೇಡಿ. ಬಾಯಿಯ ತೇವ ಪಿನ್ ಮೇಲೆ ಕೂತು ತುಕ್ಕು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಅಷ್ಟು ಸಾಕು. ಮಲೆನಾಡಿನ ಕಡೆಯವರಿಗೆ ಇದು ಇನ್ನೂ ಜಾಸ್ತಿ ಅನ್ವಯ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟ್ ಮೇಲೆ ಬರುವ ಬೂಷ್ಟು ಸ್ಲಾಟ್ ಒಳಗೂ ಬರುತ್ತದೆ. ಕಳೆದ ವರ್ಷ ಕೊಪ್ಪದ ಕಡೆಯಿಂದ ಒಂದು ಮಷೀನ್ ಬಂದಿತ್ತು, ಮೆಮೊರಿ ಕಾರ್ಡ್ ಸ್ಲಾಟಿನ ಪಿನ್‌ಗಳ ಮೇಲೆ ಬಿಳಿ ಹತ್ತಿಯ ಹಾಗೆ ಬೆಳೆದಿತ್ತು. ಅಂಥದ್ದರಲ್ಲಿ ಡಂಪ್ ಮಾಡಿದರೆ ಒಂದೊಂದು ಸಲ ಒಂದೊಂದು ಥರ ಬರುವುದರಲ್ಲಿ ಏನು ಆಶ್ಚರ್ಯ.

ಅಟ್ಟದ ಗೇಮರ್, ಮೂಡಿಗೆರೆ

ಕಂಪೇರ್ ಮಾಡಿದೆ. ಹೆಕ್ಸ್ ಹಾಸನ ಸರ್, ಕೈ ಮುಗಿದೆ.

ಮೊದಲನೇ ಡಂಪ್‌ನಲ್ಲಿ ಹೆಕ್ಸ್ ವಿಳಾಸ 300000ರಿಂದ ಕೊನೆವರೆಗೂ ಬರೀ ಸೊನ್ನೆ. ಎರಡನೆಯದರಲ್ಲಿ 280000ರಿಂದ ಸೊನ್ನೆ. ಮೂರನೆಯದು ತಮಾಷೆ. ನಡುವೆ ಒಂದು ಕಡೆ ಬಲಗಡೆಯ ಅಕ್ಷರಗಳ ಕಾಲಮ್‌ನಲ್ಲಿ "00:41:07" ಅಂತ ಸಮಯ, ಅದರ ಕೆಳಗೆ ಇಂಗ್ಲಿಷ್ ವಾಕ್ಯಗಳು. ಐದು ನಿಮಿಷ ಕೂತು ಓದಿದೆ. ಆಮೇಲೆ ಗೊತ್ತಾಯಿತು, ಅದು ಸಿನಿಮಾದ ಸಬ್‌ಟೈಟಲ್! ನಾನು ಅದೇ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡಿದ್ದ ಸಿನಿಮಾದ್ದೇ.

ಪೆನ್‌ಡ್ರೈವ್ 64 ಜಿಬಿ, ಬಸ್ ಸ್ಟ್ಯಾಂಡ್ ಹತ್ತಿರ 250 ರೂಪಾಯಿಗೆ ತಗೊಂಡದ್ದು. ಒಳಗೆ 20 ಜಿಬಿಯಷ್ಟು ಸಿನಿಮಾ ಇದೆ.

ಹೆಕ್ಸ್ ಹಾಸನ

ಸಿಕ್ಕಿತು ಕಳ್ಳ.

300000 ಅಂದರೆ ಸರಿಯಾಗಿ 3 ಎಂಬಿ. 280000 ಅಂದರೆ ಸರಿಯಾಗಿ ಎರಡೂವರೆ ಎಂಬಿ. ತಂತಿ ಸಡಿಲ, ಪಿನ್ ತುಕ್ಕು ಅಂಥ ಕಾರಣಕ್ಕೆ ಕೆಟ್ಟಿದ್ದರೆ ಅಲ್ಲೊಂದು ಇಲ್ಲೊಂದು ಬೈಟ್ ಕೆಡುತ್ತಿತ್ತು, ಇಷ್ಟು ನೀಟಾಗಿ ಗೆರೆ ಎಳೆದ ಹಾಗೆ ಕೆಡುವುದಿಲ್ಲ. ಲೆಕ್ಕ ಹಾಕಿದ ಹಾಗೆ ರೌಂಡ್ ಜಾಗದಲ್ಲಿ ತುಂಡಾಗಿದೆ ಅಂದರೆ ಅದು ಸ್ಟೋರೇಜ್ ಮಾಡಿದ ಕೆಲಸ. ಸ್ಟೋರೇಜ್ ಯಾವಾಗಲೂ ಬ್ಲಾಕ್ ಲೆಕ್ಕದಲ್ಲಿ ಬರೆಯುತ್ತದೆ, ಬ್ಲಾಕ್ ಲೆಕ್ಕದಲ್ಲೇ ಕಳೆಯುತ್ತದೆ. ಕೊನೆಯಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ಕೆಟ್ಟ ಡಂಪ್ ಅಂತಲ್ಲ, ಒಳ್ಳೆಯ ಫೈಲ್‌ನಲ್ಲೂ ಖಾಲಿ ಜಾಗ ಇರಬಹುದು. ಆದರೆ ನಿಮ್ಮ ಎರಡು ಫೈಲ್‌ನಲ್ಲಿ ಸೊನ್ನೆ ಎರಡು ಕಡೆ ಶುರುವಾಯಿತು, ಅದೇ ಸಾಕ್ಷಿ.

ನಿಮ್ಮ ಪೆನ್‌ಡ್ರೈವ್ 64 ಜಿಬಿ ಅಲ್ಲ. ಒಳಗಿನ ಚಿಪ್ ಅದಕ್ಕಿಂತ ತುಂಬಾ ಚಿಕ್ಕದು, ಕಂಪ್ಯೂಟರ್‌ಗೆ ಮಾತ್ರ 64 ಅಂತ ಸುಳ್ಳು ಹೇಳುವ ಹಾಗೆ ಮಾಡಿದ್ದಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಸುತ್ತಿಕೊಂಡು ಬಂದು ಇನ್ನೊಂದು ಫೈಲಿನ ಮೇಲೆ ಕೂರುತ್ತದೆ. ಫೈಲಿನ ಹೆಸರು, ಸೈಜ್ ಮಾತ್ರ ಸರಿ ತೋರಿಸುತ್ತದೆ, ಯಾಕಂದರೆ ಅವು ಡ್ರೈವಿನ ಶುರುವಿನಲ್ಲೇ ಇರುತ್ತವೆ. ಹೆಚ್2ಟೆಸ್ಟ್‌ಡಬ್ಲ್ಯೂ ಅಂತ ಪ್ರೋಗ್ರಾಂ ಇದೆ. ಸಿನಿಮಾ ಬೇರೆ ಕಡೆ ಇಟ್ಟು, ಡ್ರೈವ್ ಖಾಲಿ ಮಾಡಿ ಅದನ್ನು ಓಡಿಸಿ. ಪೂರ್ತಿ ಬರೆದು ಪೂರ್ತಿ ಓದಿ ನೋಡುತ್ತದೆ.

ಆಮೇಲೆ ಯಾರ ಹತ್ತಿರವಾದರೂ ನಂಬಿಕೆಯ ಹಳೇ 4 ಅಥವಾ 8 ಜಿಬಿ ಡ್ರೈವ್ ಸಾಲ ತಗೊಳ್ಳಿ. ಎಫ್‌ಎಟಿ32 ಫಾರ್ಮ್ಯಾಟ್ ಮಾಡಿ. ಪಿಎಸ್2ನ ಯುಎಸ್‌ಬಿ 1.1, ನಿಧಾನ, ಅವಸರ ಮಾಡಬೇಡಿ. ಮುಗಿಯಿತು ಅಂತ ಪರದೆ ಮೇಲೆ ಬಂದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಕೀಳಿ.

ಸುಮ್ನೆ ನೋಡ್ತೀನಿ

ನಾನು ಜಗಳಕ್ಕೆ ಬಂದಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನೀವೇ ಹೇಳಿದಿರಿ, ಬಯೋಸ್ ಒಂದೇ ಮಾಡೆಲ್‌ಗೆ ಎಲ್ಲರದ್ದೂ ಒಂದೇ. ಕೊನೆಗೆ ನೀವು ಹ್ಯಾಶ್ ಹೊಂದಿಸಿ ನೋಡುವುದೂ ಊರವರ ಫೈಲಿನ ಜೊತೆಗೇ. ಹೊಂದಿದರೆ ಎರಡೂ ಒಂದೇ ಫೈಲ್. ಹಾಗಿದ್ದ ಮೇಲೆ ಡೌನ್‌ಲೋಡ್ ಮಾಡಿದ್ದಕ್ಕೂ ಇವರು ಒಂದು ವಾರ ಒದ್ದಾಡಿ ತೆಗೆದದ್ದಕ್ಕೂ ಏನು ವ್ಯತ್ಯಾಸ?

ಹೆಕ್ಸ್ ಹಾಸನ

ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳಲ್ಲ. ಹ್ಯಾಶ್ ಹೊಂದಿದರೆ ಬೈಟ್ ಲೆಕ್ಕದಲ್ಲಿ ಎರಡಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಎಮ್ಯುಲೇಟರ್‌ಗೂ ಗೊತ್ತಾಗುವುದಿಲ್ಲ.

ವ್ಯತ್ಯಾಸ ಹಕ್ಕಿನದು. ಬಯೋಸ್ ಅಂದರೆ ಕಂಪನಿ ಬರೆದ ಪ್ರೋಗ್ರಾಂ, ಕಾಪಿರೈಟ್ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ, ಪ್ರೋಗ್ರಾಂನ ಪ್ರತಿಯನ್ನು ನ್ಯಾಯವಾಗಿ ಇಟ್ಟುಕೊಂಡಿರುವವನು ಅದು ಹಾಳಾದರೆ, ಕಳೆದುಹೋದರೆ ಅಂತ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಅಂತ ಇದೆ. ಯಾರೋ ಹಂಚಿದ್ದನ್ನು ಇಳಿಸಿಕೊಳ್ಳುವುದು ಬೇರೆ ಮಾತು. ನಾನು ವಕೀಲ ಅಲ್ಲ, ಇದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಬೇಡಿ. ಎಮ್ಯುಲೇಟರ್ ಬರೆಯುವುದು ಬೇರೆಯೇ ವಿಷಯ. ಅಮೆರಿಕದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವೆ ಕೇಸ್ ನಡೆದು, 2000ದಲ್ಲಿ ಅಪೀಲು ಕೋರ್ಟು ಕನೆಕ್ಟಿಕ್ಸ್ ಕಡೆಗೆ ತೀರ್ಪು ಕೊಟ್ಟಿತು. ಅವರು ಬಯೋಸನ್ನು ಬಿಚ್ಚಿ ಓದಿ ಅರ್ಥ ಮಾಡಿಕೊಂಡು, ತಮ್ಮದೇ ಬಯೋಸ್ ಬರೆದುಕೊಂಡಿದ್ದರು.

ಇನ್ನೊಂದು ಮಾತು. ಡೌನ್‌ಲೋಡ್ ಮಾಡುವವರಲ್ಲಿ ಹ್ಯಾಶ್ ನೋಡುವವರು ಎಷ್ಟು ಜನ? ಜಿಪ್ ಬಿಚ್ಚಿ, ಫೈಲಿನ ಹೆಸರು ನೋಡಿ, ಫೋಲ್ಡರ್‌ಗೆ ಎಸೆದು, ಆಮೇಲೆ ಇಲ್ಲಿ ಬಂದು ಎಮ್ಯುಲೇಟರ್ ಸರಿ ಇಲ್ಲ ಅಂತ ಬೈಯುತ್ತಾರೆ.

ಸುಮ್ನೆ ನೋಡ್ತೀನಿ

ಕೊನೆಯ ಸಾಲು ನನಗೇ ಹೇಳಿದ ಹಾಗಿದೆ. ಸರಿ, ತಪ್ಪೊಪ್ಪಿಗೆ. ನನ್ನ ಹತ್ತಿರ ನಿಜವಾಗಲೂ ಪಿಎಸ್1 ಇದೆ, ಎಸ್‌ಸಿಪಿಎಚ್-5502. ಆದರೆ ಬಯೋಸ್ ಎಲ್ಲಿಂದಲೋ ತಂದದ್ದು. ಎಮ್ಯುಲೇಟರ್ ರೆಟ್ರೋಆರ್ಕ್‌ನಲ್ಲಿ ಆಟ ಶುರುವಾಗುತ್ತದೆ, ಆದರೆ ಸೋನಿ ಲೋಗೋ ಬರುವುದಿಲ್ಲ, ಕೆಲವು ಆಟಗಳಲ್ಲಿ ಸೇವ್ ಆಗುವುದಿಲ್ಲ. ಎಮ್ಯುಲೇಟರ್ ಸರಿ ಇಲ್ಲ ಅಂದುಕೊಂಡಿದ್ದೆ.

ಹೆಕ್ಸ್ ಹಾಸನ

ಹ್ಹಹ್ಹ, ನಿಮಗೆ ಅಂತ ಬರೆದಿರಲಿಲ್ಲ.

ಲೋಗೋ ಬರುತ್ತಿಲ್ಲ ಅಂದರೆ ನಿಮ್ಮ ಫೈಲನ್ನು ಅದು ಮುಟ್ಟೇ ಇಲ್ಲ ಅನ್ನಿಸುತ್ತದೆ. ಪಿಸಿಎಸ್ಎಕ್ಸ್ ರೀಆರ್ಮ್ಡ್ ಕೋರ್ (ರೆಟ್ರೋಆರ್ಕ್ ಒಳಗೆ ಪಿಎಸ್1 ಆಟ ಓಡಿಸುವ ಭಾಗ) ಬಯೋಸ್ ಸಿಗದಿದ್ದರೆ ಗಲಾಟೆ ಮಾಡುವುದಿಲ್ಲ, ತನ್ನದೇ ನಕಲಿ ಬಯೋಸ್ ಹಾಕಿಕೊಂಡು ಮುಂದೆ ಹೋಗುತ್ತದೆ. ಎಷ್ಟೋ ಆಟ ನಡೆಯುತ್ತವೆ, ಕೆಲವು ಹೀಗೆ ಸೇವ್ ಹತ್ತಿರ ಕೈ ಕೊಡುತ್ತವೆ. ಫೈಲಿನ ಹೆಸರು ನೋಡಿ. ವಿಂಡೋಸ್ ಎಕ್ಸ್‌ಟೆನ್ಷನ್ ಮುಚ್ಚಿಡುತ್ತದೆ, ನೀವು ಹೆಸರು ಬದಲಾಯಿಸುವಾಗ ಕೊನೆಯಲ್ಲಿ "ಡಾಟ್ ಬಿನ್ ಡಾಟ್ ಬಿನ್" ಅಂತ ಎರಡು ಸಲ ಆಗಿರುತ್ತದೆ. ಲಿನಕ್ಸ್ ಆದರೆ ಚಿಕ್ಕಕ್ಷರ, ದೊಡ್ಡಕ್ಷರ ಬೇರೆ ಬೇರೆ. ಎಲ್ಲ ಚಿಕ್ಕಕ್ಷರದಲ್ಲಿ ಇಡಿ. ಕೋರ್ ಮಾಹಿತಿಯಲ್ಲಿ ಫರ್ಮ್‌ವೇರ್ ಇದೆ ಅಂತ ತೋರಿಸಿದರೆ ಫೈಲ್ ಇದೆ ಅಂತ ಮಾತ್ರ ಅರ್ಥ, ಸರಿ ಇದೆ ಅಂತಲ್ಲ.

ಸೈಜ್ 524,288 ಬೈಟ್ ಇರಬೇಕು. 5502ರ ಎಂಡಿ5 32736 ಅಂತ ಶುರುವಾಗಿ 3050 ಅಂತ ಮುಗಿಯುತ್ತದೆ. ನಿಮ್ಮದು 490ರಲ್ಲಿ ಶುರುವಾಗಿ 246ರಲ್ಲಿ ಮುಗಿದರೆ ಅದು ಅಮೆರಿಕದ 5501, ಯಾರೋ ಹೆಸರು ಮಾತ್ರ ಬದಲಾಯಿಸಿದ್ದಾರೆ ಅಂತ ಅರ್ಥ.

ಸುಮ್ನೆ ನೋಡ್ತೀನಿ

246.

ಆಯಿತು, ನನ್ನದನ್ನೇ ತೆಗೆಯುತ್ತೇನೆ. ದಾರಿ ಹೇಳಿ.

ರಿಪೇರಿ ಟೇಬಲ್, ಹಾಸನ

ಬಿಚ್ಚಬೇಡಿ, ಬೆಸುಗೆ ಬೇಡ. 2021ರಲ್ಲಿ ಬಂದ ಫ್ರೀಪಿಎಸ್ಎಕ್ಸ್‌ಬೂಟ್, ಟೋನಿಹ್ಯಾಕ್ಸ್ ಎರಡೂ ಮೆಮೊರಿ ಕಾರ್ಡ್‌ನಿಂದಲೇ ಕೆಲಸ ಮಾಡುತ್ತವೆ. ಅಲ್ಲಿಂದ ಯುನಿರಾಮ್ ಅನ್ನುವ ಪ್ರೋಗ್ರಾಂ ಹಾಕಿ, ಬಯೋಸನ್ನು ಸೀರಿಯಲ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಎಳೆದುಕೊಳ್ಳಬಹುದು. ಕೇಬಲ್ ಮಾಡಿಕೊಳ್ಳಲು ಗೊತ್ತಿಲ್ಲದಿದ್ದರೆ ಹಾಸನಕ್ಕೆ ಬಂದಾಗ ಹೇಳಿ, ನನ್ನ ಟೇಬಲ್ ಮೇಲೆ ಒಂದು ಇದೆ.

ಬಿಚ್ಚಿ ಓದಿದರೆ ಏನಾಗುತ್ತದೆ ಅಂತ ನನ್ನದೇ ಕಥೆ ಹೇಳುತ್ತೇನೆ. ಒಬ್ಬರು ಸೆಗಾ ಸ್ಯಾಟರ್ನ್ ತಂದುಕೊಟ್ಟಿದ್ದರು. ಚಿಪ್ ಕಿತ್ತು ಪ್ರೋಗ್ರಾಮರ್‌ನಲ್ಲಿ ಓದಿಸಿದೆ. ಸೈಜ್ 524,288, ಮೂರು ಸಲವೂ ಒಂದೇ ಹ್ಯಾಶ್, ಆದರೆ ಯಾವುದಕ್ಕೂ ಹೊಂದುತ್ತಿಲ್ಲ. ಎರಡು ದಿನ ಚಿಪ್ಪನ್ನೇ ಬೈದೆ. ಆಮೇಲೆ ಹೆಕ್ಸ್‌ನಲ್ಲಿ ನೋಡಿದರೆ ಎಸ್, ಇ, ಜಿ, ಎ ಅಂತ ಇರಬೇಕಾದ ಕಡೆ ಇ, ಎಸ್, ಎ, ಜಿ ಅಂತ ಇದೆ! ಅದು 16 ಬಿಟ್ ರಾಮ್, ಎರಡೆರಡು ಬೈಟ್ ಜೋಡಿ. ನನ್ನ ಪ್ರೋಗ್ರಾಮರ್ ಪ್ರತಿ ಜೋಡಿಯನ್ನೂ ತಿರುಗಿಸಿ ಬರೆದಿತ್ತು. "ಅರಮನೆ" ಅನ್ನುವುದನ್ನು "ರಅನೆಮ" ಅಂತ ಬರೆದ ಹಾಗೆ. ಬೈಟ್ ಸ್ವಾಪ್ ಮಾಡಿದ ಕೂಡಲೇ ಹೊಂದಿತು.

ಹೆಕ್ಸ್ ಹಾಸನ

ಇದೇ ಜಾತಿಗೆ ಸೇರಿದ ಇನ್ನೊಂದು: 512 ಕೆಬಿ ಬರಬೇಕಾದ ಕಡೆ 1,048,576 ಬೈಟ್ ಬಂದರೆ, ನಡುವೆ ಕತ್ತರಿಸಿ ಎರಡು ಭಾಗ ಹೋಲಿಸಿ. ಎರಡೂ ಒಂದೇ ಆದರೆ ಚಿಪ್‌ಗಿಂತ ಜಾಸ್ತಿ ಓದಿದ್ದೀರಿ, ಅದೇ ಮತ್ತೆ ಬಂದಿದೆ. ಅರ್ಧ ಬಿಸಾಕಿದರೆ ಸರಿ.

ಕ್ಯಾಸೆಟ್ ಊದುವವ

ಊದುವುದು ಬಿಟ್ಟೆ. ಆದರೆ ನನ್ನ ಹತ್ತಿರ ಗೇಮ್‌ಬಾಯ್ ಅಡ್ವಾನ್ಸ್ ಕೂಡ ಇದೆ. ನಾನೇ ಸಣ್ಣ ಪ್ರೋಗ್ರಾಂ ಬರೆದು, ಸೊನ್ನೆ ವಿಳಾಸದಿಂದ 16 ಕೆಬಿ ಓದಿಸಿದೆ. ಬಂದ ಫೈಲ್ ತುಂಬಾ ಅದೇ ನಾಲ್ಕು ಬೈಟ್ ಮತ್ತೆ ಮತ್ತೆ. ಎಷ್ಟು ಸಲ ತೆಗೆದರೂ ಅದೇ. ನಿಮ್ಮ ನಿಯಮದ ಪ್ರಕಾರ ಇದು ಒಳ್ಳೆಯ ಡಂಪ್ ಅಲ್ವಾ?

ಹೆಕ್ಸ್ ಹಾಸನ

ಭಲೇ, ನನ್ನ ನಿಯಮಕ್ಕೇ ಕಲ್ಲು ಹೊಡೆದಿರಿ. ಮೂರು ಸಲ ಒಂದೇ ಬಂದರೆ ದಾರಿ ಸರಿ ಇದೆ ಅಂತ ಮಾತ್ರ, ಕೊಟ್ಟವನು ನಿಜ ಹೇಳಿದ ಅಂತಲ್ಲ. ಜಿಬಿಎ ಬೇಕಂತಲೇ ಸುಳ್ಳು ಹೇಳುತ್ತದೆ. ಪ್ರೊಸೆಸರ್ ಬಯೋಸ್ ಒಳಗಿನ ಕೋಡ್ ಓಡಿಸುತ್ತಿರುವಾಗ ಮಾತ್ರ ಬಯೋಸ್ ಓದಲು ಬಿಡುತ್ತದೆ. ಹೊರಗಿನಿಂದ ಓದಿದರೆ, ಕೊನೆಗೆ ಬಯೋಸ್‌ನಿಂದ ತಂದಿದ್ದ ಆಜ್ಞೆಯನ್ನೇ ಕೈಗೆ ಕೊಟ್ಟು ಕಳಿಸುತ್ತದೆ. ನಿಮಗೆ ಸಿಕ್ಕ ನಾಲ್ಕು ಬೈಟ್ ಅದೇ.

ಇದಕ್ಕೆ ಜನ ಕಂಡುಕೊಂಡ ಉಪಾಯ ಮಜವಾಗಿದೆ. ಬಯೋಸ್‌ನಲ್ಲಿ ಸಂಗೀತದ ಸ್ವರವನ್ನು ಫ್ರೀಕ್ವೆನ್ಸಿಗೆ ಬದಲಾಯಿಸುವ ಒಂದು ಫಂಕ್ಷನ್ ಇದೆ. ಅದು ನೀವು ಕೊಟ್ಟ ವಿಳಾಸದಿಂದ ಒಂದು ಸಂಖ್ಯೆ ಓದಿ ಲೆಕ್ಕ ಹಾಕುತ್ತದೆ, ವಿಳಾಸ ಬಯೋಸ್‌ನದ್ದೇ ಆದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಳಗಿನವನ ಕೈಯಲ್ಲೇ ಸ್ವಲ್ಪ ಸ್ವಲ್ಪ ಹೊರಗೆ ತರಿಸಿಕೊಂಡ ಹಾಗೆ. ನೀವೇ ಬರೆಯಬೇಕಿಲ್ಲ, ಆ ಥರದ ಡಂಪರ್ ಸಿಗುತ್ತದೆ. ಸರಿಯಾಗಿ ಬಂದರೆ 16,384 ಬೈಟ್, ಸಿಆರ್‌ಸಿ32 (ಇನ್ನೊಂದು ಥರದ ಹ್ಯಾಶ್) 81977335. ಈ ಸಂಖ್ಯೆ ಬಾಯಿಪಾಠ ಆಗಿಬಿಟ್ಟಿದೆ, ಮನೆಯವರ ಫೋನ್ ನಂಬರ್ ನೆನಪಿಲ್ಲ.

ಡಿಎಸ್ ಇಟ್ಟುಕೊಂಡು ಜಿಬಿಎ ಬಯೋಸ್ ತೆಗೆದವರಿಗೆ ಬೇರೆ ಸಂಖ್ಯೆ ಬರುತ್ತದೆ. ಗಾಬರಿ ಬೇಡ, ಎರಡಕ್ಕೂ ಇರುವುದು ಒಂದೇ ಒಂದು ಬೈಟ್ ವ್ಯತ್ಯಾಸ. ಹ್ಯಾಶ್‌ನ ಸಮಸ್ಯೆಯೇ ಇದು, ಒಂದು ಬೈಟ್ ಬೇರೆಯಾದರೂ ಅರ್ಧ ಫೈಲ್ ಹಾಳಾದರೂ ಅದು "ಹೊಂದಲಿಲ್ಲ" ಅಂತ ಮಾತ್ರ ಹೇಳುತ್ತದೆ. ಎಷ್ಟು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಅಂತ ತಿಳಿಯಲು ಹೆಕ್ಸ್ ತೆರೆಯಲೇಬೇಕು.

ಅಟ್ಟದ ಗೇಮರ್, ಮೂಡಿಗೆರೆ

ಬಂತು ಬಂತು ಬಂತು.

ಪರೀಕ್ಷೆ ರಾತ್ರಿಯಿಡೀ ಓಡಿತು. 64 ಜಿಬಿ ಅನ್ನುವ ಪೆನ್‌ಡ್ರೈವ್ ನಿಜವಾಗಿ 8 ಜಿಬಿಯೂ ಇಲ್ಲ. ಅತ್ತಿಗೆ ಹತ್ತಿರ ಮದುವೆ ಫೋಟೋ ಕೊಟ್ಟಿದ್ದ ಹಳೇ 8 ಜಿಬಿ ಡ್ರೈವ್ ಇತ್ತು, ಫೋಟೋಗಳನ್ನು ಎರಡು ಕಡೆ ಕಾಪಿ ಮಾಡಿ, ಪ್ರಮಾಣ ಮಾಡಿ, ಸಾಲ ತಂದೆ. ಮೂರು ಸಲ ಡಂಪ್ ಮಾಡಿದೆ. ಮುಖ್ಯ ಫೈಲಿನ ಹ್ಯಾಶ್ ಮೂರೂ ಸಲ ಒಂದೇ, ರೀಡಂಪ್ ಅನ್ನುವ ಸೈಟಿನ ಸರಿಯಾದ ಹ್ಯಾಶ್‌ಗಳ ಪಟ್ಟಿಗೂ ಹೊಂದಿತು. ಎಮ್ಯುಲೇಟರ್‌ನಲ್ಲಿ ಆ ನೀಲಿ ಮೋಡದ ಹಾಗಿನ ಪರದೆ, ಆ ಸದ್ದು. ಅಮ್ಮ ಅಡುಗೆಮನೆಯಿಂದ "ಅಣ್ಣ ಬಂದನೇನೋ?" ಅಂದರು.

1,024 ಬೈಟಿನ ಎನ್‌ವಿಎಂ ಫೈಲ್ ಮಾತ್ರ ಯಾರದ್ದಕ್ಕೂ ಹೊಂದುವುದಿಲ್ಲ. ಅಕ್ಕನ ಡಿಎಸ್ ಕಥೆ ಓದಿದ್ದರಿಂದ ಕೇಳಲು ಹೋಗಲಿಲ್ಲ, ನಮ್ಮ ಸೆಟ್ಟಿಂಗ್ಸ್ ಇರುವ ಫೈಲ್ ಅಲ್ವಾ ಅದು.

ಈಗ ಕೊನೆಯ ಪ್ರಶ್ನೆ. ಅಣ್ಣನ ಮೆಮೊರಿ ಕಾರ್ಡನ್ನೂ ಇಮೇಜ್ ಮಾಡಿದೆ. 8 ಎಂಬಿ ಕಾರ್ಡ್, ಅಂದರೆ 8,388,608 ಬೈಟ್ ಬರಬೇಕು. ನನಗೆ 8,650,752 ಬಂದಿದೆ. ಇದೂ ಕೆಟ್ಟಿತಾ?

ಹೆಕ್ಸ್ ಹಾಸನ

ಕೆಟ್ಟಿಲ್ಲ. ಕಾರ್ಡ್‌ನಲ್ಲಿ 16,384 ಪುಟ, ಒಂದೊಂದರಲ್ಲಿ 512 ಬೈಟ್ ಡೇಟಾ, ಜೊತೆಗೆ ತಪ್ಪು ತಿದ್ದಲು 16 ಬೈಟ್. 528ನ್ನು 16,384ರಿಂದ ಗುಣಿಸಿ ನೋಡಿ.

ಅಟ್ಟದ ಗೇಮರ್, ಮೂಡಿಗೆರೆ

8,650,752. ಸರಿಯಾಗಿ ಬಂತು.

ಎಮ್ಯುಲೇಟರ್‌ಗೆ ಹಾಕಿ ತೆರೆದೆ. ಅಣ್ಣನ ಕ್ರಿಕೆಟ್ ಸೇವ್ ಹಾಗೇ ಇದೆ, ತಾರೀಖು 2009. ಅರ್ಧಕ್ಕೆ ನಿಲ್ಲಿಸಿದ ಟೆಸ್ಟ್ ಮ್ಯಾಚು, ಗೆಲ್ಲಲು ಇನ್ನು 43 ರನ್ ಬೇಕು, ಎರಡು ವಿಕೆಟ್ ಇದೆ. ಭಾನುವಾರ ಅವನು ಬರುತ್ತಾನೆ, ಅಲ್ಲಿವರೆಗೆ ಮುಟ್ಟುವುದಿಲ್ಲ.